ಸಾಲಿನಲ್ಲೊಂದು ಖಾಲಿ ಜಾಗ

ಕಾಲು ತಾನಾಗಿಯೇ ತಳ್ಳಿತೋ, ತಾನೇ ತಳ್ಳಿದಳೋ ಎಂಬುದು ಮಧ್ಯಾಹ್ನವಾದರೂ ಅವಳಿಗೆ ಬಗೆಹರಿದಿರಲಿಲ್ಲ. ಕಂಬಳಿಯನ್ನು ಎರಡೂ ಕೈಯಿಂದ ಕಿಟಕಿಗೆ ಅಡ್ಡವಾಗಿ ಎತ್ತಿ ಹಿಡಿದಿದ್ದಳು. ತೂತು ಹುಡುಕುವುದು ಹಾಗೆ. ನೂಲು ಸತ್ತ ಕಡೆಯಲ್ಲೆಲ್ಲ ಬೆಳಕು ತೂರಿ ಬರುತ್ತದೆ. ಅಲ್ಲಲ್ಲಿಗೆ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡು, ಕೂತು, ತೇಪೆ ಹಾಕಬೇಕು. ಒಂದು ಕಾಲಕ್ಕೆ ಶಾಲೆಯಾಗಿದ್ದ ಕೋಣೆ ಅದು. ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಎದೆಗೆ ತಾಗುವ ಹಾಗೆ ಮುದುರಿ ಕೂತು ಹೆಂಗಸರು ಗಡಿಯಿಂದ ಲಾರಿಯಲ್ಲಿ ಬರುವ ಕಂಬಳಿಗಳನ್ನು ಹೊಲಿಯುತ್ತಿದ್ದರು. ಕಂಬಳಿಗಳು ಒಗೆದೇ ಬರುತ್ತಿದ್ದವು, ಆದರೂ ಕೆಲವು ಕಡೆ ಬೆರಳಿಗೆ ಗಟ್ಟಿಯಾಗಿ ಹತ್ತುವ ಕಲೆ ಉಳಿದಿರುತ್ತಿತ್ತು. "ಗಡೀಲಿ ಚಹಾಕ್ಕೇನೂ ಬರ ಇಲ್ಲ ನೋಡಿ, ಎಷ್ಟು ಚೆಲ್ಲಿಕೊಂಡಿದಾರೆ" ಎಂದು ಯುದ್ಧದ ಮೊದಲ ವರ್ಷ ಯಾರೋ ಅಂದಿದ್ದರು. ಅಂದಿನಿಂದ ಆ ಕಲೆಗೆ ಚಹಾ ಎಂದೇ ಹೆಸರು. ಹಾಗೆ ಅಂದವಳು ಈಗಿಲ್ಲ. ಆ ಮಾತಿಗೆ ನಕ್ಕವರಲ್ಲಿ ಅರ್ಧ ಜನ ಊರು ಬಿಟ್ಟಿದ್ದರು. ಹೆಸರು ಮಾತ್ರ ನಿಂತಿತ್ತು. ಹೊಸದಾಗಿ ಸೇರಿದ ಹುಡುಗಿಯರೂ ನಗದೆಯೇ "ಇದರಲ್ಲಿ ಚಹಾ ಜಾಸ್ತಿ, ಬೇರೆ ಕೊಡಿ" ಎನ್ನುತ್ತಿದ್ದರು. ಯುದ್ಧ ಅಷ್ಟು ಹಳೆಯದಾಗಿತ್ತು. ಅದು ಶುರುವಾದಾಗ ಹಾಲುಹಲ್ಲು ಬೀಳುತ್ತಿದ್ದ ಹುಡುಗರು ಈಗ ಈ ಕಂಬಳಿಗಳನ್ನು ಹೊದೆಯುತ್ತಿದ್ದರು. ಅವರಲ್ಲಿ ಅವಳ ಮಗನೂ ಒಬ್ಬ. ಪ್ರತಿ ಕಂಬಳಿಯನ್ನೂ ಬಿಚ್ಚುವಾಗ ಅವಳು ಒಮ್ಮೆ ಮೂಗಿನ ಹತ್ತಿರ ತರುತ್ತಿದ್ದಳು. ಸಾಬೂನಿನ ವಾಸನೆ ಬಿಟ್ಟು ಇನ್ನೇನೂ ಬರುತ್ತಿರಲಿಲ್ಲ. ತೇಪೆ ಹಾಕುವುದರಲ್ಲಿ ಪಳಗಿದ ಕೈ ಎಂದು ಅವಳನ್ನು ಕೋಣೆಯಲ್ಲೂ ಬೀದಿಯಲ್ಲೂ ಎಲ್ಲರೂ ತೇಪೆಯಕ್ಕ ಎನ್ನುತ್ತಿದ್ದರು.

ಇವತ್ತು ಕಂಬಳಿಯ ತೂತುಗಳೊಳಗಿಂದ ಅವಳಿಗೆ ಕಂಡದ್ದು ಬೆಳಗಿನ ಸಾಲು. ನಲ್ಲಿಗಳು ಒಣಗಿ ವರ್ಷಗಳಾಗಿದ್ದವು. ಬೀದಿಯ ತುದಿಗೆ, ಮುಚ್ಚಿದ ಚಿತ್ರಮಂದಿರದ ಮುಂದೆ, ದಿನಕ್ಕೊಮ್ಮೆ ನೀರಿನ ಟ್ಯಾಂಕರ್ ಬರುತ್ತಿತ್ತು. ಬೆಳಕು ಹರಿಯುವ ಮೊದಲೇ ಬಕೀಟುಗಳು ಸಾಲುಗಟ್ಟುತ್ತಿದ್ದವು. ಮನುಷ್ಯರು ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಸಾಲಿನಲ್ಲಿ ನಿಲ್ಲುವುದು ಬಕೀಟಿನ ಕೆಲಸ. ಟ್ಯಾಂಕರಿನ ಸದ್ದಾದ ಮೇಲೆ ಎದ್ದು ತಂತಮ್ಮ ಬಕೀಟಿನ ಹಿಂದೆ ನಿಂತು, ಮುಂದಿನದು ತುಂಬಿ ಎತ್ತಿದ ಕೂಡಲೇ ತಮ್ಮದನ್ನು ಕಾಲಿನಿಂದ ಮುಂದಕ್ಕೆ ತಳ್ಳಬೇಕು. ಬಗ್ಗಿ ಕೈಯಲ್ಲಿ ಸರಿಸುತ್ತಿದ್ದುದೆಲ್ಲ ಮೊದಮೊದಲು. ಈಗ ಕಾಲೇ ಎಲ್ಲ ನೋಡಿಕೊಳ್ಳುತ್ತಿತ್ತು. ಮುಂದೆ ಜಾಗ ತೆರವಾಯಿತೋ, ಕಣ್ಣು ನೋಡುವ ಮೊದಲೇ ಕಾಲಿಗೆ ತಿಳಿಯುತ್ತಿತ್ತು. ಒಲೆಯ ಮುಂದೆ ನಿಂತಾಗಲೂ ಒಮ್ಮೊಮ್ಮೆ ಅವಳ ಬಲಗಾಲು ಇಲ್ಲದ ಬಕೀಟನ್ನು ತಳ್ಳುತ್ತಿತ್ತು. ದಾದಿ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಸತ್ತ ಮೇಲೆ ದೇವರ ಮುಂದೆ ನಿಲ್ಲಿಸಿದ್ರೆ ಅವನನ್ನೂ ಕಾಲಲ್ಲೇ ಮುಂದಕ್ಕೆ ತಳ್ತೀಯ ಕಣೇ ನೀನು."

ದಾದಿ ಎದುರಿನ ಕಟ್ಟಡದ ಮೇಲಿನ ಅಂತಸ್ತಿನವಳು. ಹೆರಿಗೆ ಮಾಡಿಸುವುದು ಅವಳ ಕೆಲಸ. ಬೀದಿಯ ಅರ್ಧ ಜನ ಅವಳ ಕೈಗೇ ಮೊದಲು ಬಿದ್ದವರು. ಇಬ್ಬರೂ ಒಂದೇ ವರ್ಷ ಈ ಬೀದಿಗೆ ಮದುವೆಯಾಗಿ ಬಂದವರು. ಯುದ್ಧಕ್ಕೂ ಮೊದಲೇ ತೇಪೆಯಕ್ಕನ ಗಂಡ ಕಾಯಿಲೆಯಲ್ಲಿ ತೀರಿಕೊಂಡಿದ್ದ, ದಾದಿಯ ಗಂಡ ಪಕ್ಕದ ಬೀದಿಯ ಇನ್ನೊಬ್ಬಳ ಮನೆ ಸೇರಿಕೊಂಡಿದ್ದ. "ನಿನ್ನವನು ಮೇಲೆ ಹೋದ, ನನ್ನವನು ಪಕ್ಕಕ್ಕೆ ಹೋದ. ನೋಡಿದ್ರೆ ನನ್ನವನೇ ದೂರ ಹೋಗಿದ್ದು" ಎಂದು ದಾದಿ ಅನ್ನುತ್ತಿದ್ದಳು. ಇಬ್ಬರ ಗಂಡುಮಕ್ಕಳೂ ಒಟ್ಟಿಗೇ ಬೆಳೆದು, ಒಟ್ಟಿಗೇ ಕರೆ ಬಂದು, ಒಂದೇ ತುಕಡಿಗೆ ಸೇರಿ ಹೋಗಿದ್ದರು. ಉರುವಲು ಸಿಗದಾದ ಮೇಲೆ ಎರಡು ಮನೆಗೂ ಒಂದೇ ಒಲೆ, ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ. ಸಾಲಿನಲ್ಲೂ ಹಾಗೆ. ದಾದಿಯ ನೀಲಿ ಪಟ್ಟಿಯ ಬಕೀಟು ಮುಂದೆ, ತೇಪೆಯಕ್ಕನದು ಅದರ ಹಿಂದೆ. ದಾದಿಗೆ ಹೆರಿಗೆಯ ಕರೆ ಬಂದರೆ ಇವಳೇ ಎರಡನ್ನೂ ಇಟ್ಟು, ಎರಡನ್ನೂ ತಳ್ಳಿ, ಎರಡನ್ನೂ ತುಂಬಿಸುತ್ತಿದ್ದಳು. ಹೆರಿಗೆ ಮುಗಿಸಿ ನೇರವಾಗಿ ಸಾಲಿಗೆ ಬಂದು ದಾದಿ ಎಲ್ಲರಿಗೂ ಕೇಳುವ ಹಾಗೆ ಸುದ್ದಿ ಹೇಳುವುದು, ಸಾಲಿನವರು "ಒಳ್ಳೇದಾಗ್ಲಿ" ಅನ್ನುವುದು ಬೀದಿಯ ವಾಡಿಕೆಯಾಗಿಬಿಟ್ಟಿತ್ತು. ಬೇರೆ ಸುದ್ದಿಗಳಿಗೆ ಯಾರೂ ಏನೂ ಅನ್ನದೆ ಇರುವುದು ರೂಢಿಯಾದ ಮೇಲೆ ಆ ಒಂದು ಮಾತು ಮಾತ್ರ ಎಲ್ಲರ ಬಾಯಲ್ಲೂ ಗಟ್ಟಿಯಾಗಿ ಬರುತ್ತಿತ್ತು.

ಮೊನ್ನೆ ಸಮವಸ್ತ್ರದವರು ದಾದಿಯ ಮನೆಗೆ ಬಂದು ಹಾಸಿಗೆ ಮಗುಚಿ ನೋಡಿ ಹೋಗಿದ್ದರು. ಅವಳ ಮಗ ತುಕಡಿ ಬಿಟ್ಟು ಓಡಿದ್ದಾನಂತೆ ಎಂದು ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ತೇಪೆಯಕ್ಕ ಎದ್ದುಬಿದ್ದು ಮೆಟ್ಟಿಲು ಹತ್ತಿ ಹೋದರೆ ದಾದಿ ಮಗುಚಿದ ಹಾಸಿಗೆಯನ್ನು ಸರಿಪಡಿಸುತ್ತಿದ್ದಳು. ಅತ್ತಿರಲಿಲ್ಲ. ಕೂರು ಎಂದೂ ಅನ್ನಲಿಲ್ಲ. ನಿನ್ನೆ ಬೆಳಿಗ್ಗೆ ಮಾತ್ರ ಬಾಗಿಲಲ್ಲೇ ನಿಂತು, "ಸದ್ಯಕ್ಕೆ ನೀನು ನಿನ್ನ ಮನೇಲೇ ಬೇಯಿಸಿಕೋ. ನಂದು ನಾನು ನೋಡ್ಕೋತೀನಿ" ಅಂದಳು. ಅಷ್ಟೇ. ಇಷ್ಟು ವರ್ಷ ಹಂಚಿಕೊಂಡ ಒಲೆ, ಕೈ ಒರೆಸಿಕೊಂಡಷ್ಟು ಸುಲಭಕ್ಕೆ. ನಾನೇನು ಸಮವಸ್ತ್ರದವರ ಜೊತೆ ಬಂದಿದ್ದೆನೇ ಎಂದು ಇವಳು ನಿನ್ನೆಯಿಡೀ ಕುದಿದಿದ್ದಳು. ಆದರೂ ಇವತ್ತು ಬೆಳಿಗ್ಗೆ ನೀಲಿ ಪಟ್ಟಿಯ ಬಕೀಟು ದಾದಿಯ ಮನೆಯ ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದುದನ್ನು ಕಂಡಾಗ, ಕರೆ ಬಂದು ಹೋಗಿದ್ದಾಳೆ ಎಂದು ತಿಳಿದು, ಅದನ್ನೂ ಎತ್ತಿಕೊಂಡು ಬಂದು ಸಾಲಿನಲ್ಲಿ ಇಟ್ಟಿದ್ದಳು. ಅದು ನಿಜ. ಇಟ್ಟದ್ದಂತೂ ನಿಜ. ಈ ಒಂದು ನಿಜವನ್ನು ಬೆಳಗಿನಿಂದ ಅವಳು ತನ್ನ ಪರವಾಗಿ ಮತ್ತೆ ಮತ್ತೆ ಎತ್ತಿ ಹಿಡಿಯುತ್ತಿದ್ದಳು.

"ಇದು ಯಾರದು?" ಎಂದಳು ಬೇಕರಿಯವನ ಹೆಂಡತಿ. ಅವಳ ತಮ್ಮನನ್ನು ಕಳೆದ ಚಳಿಗಾಲದಲ್ಲಿ ಗಡಿಯಿಂದ ಪೆಟ್ಟಿಗೆಯಲ್ಲಿ ತಂದಿದ್ದರು.

"ಗೊತ್ತಿದ್ದೂ ಕೇಳ್ತೀರಲ್ಲ" ಎಂದ ಗೇಟಣ್ಣ. ಚಿತ್ರಮಂದಿರ ನಡೆಯುತ್ತಿದ್ದ ಕಾಲದಲ್ಲಿ ಬಾಗಿಲಲ್ಲಿ ಟಿಕೆಟು ಹರಿಯುತ್ತಿದ್ದವನು. ಈಗ ಅದೇ ಬಾಗಿಲ ಮುಂದೆ ನೀರಿನ ಸಾಲು ನೋಡಿಕೊಳ್ಳುತ್ತಿದ್ದ.

"ಓಡಿಹೋದವನ ಮನೆಗೂ ನೀರು, ನನ್ನ ತಮ್ಮನನ್ನ ಮಣ್ಣು ಮಾಡಿದ ಮನೆಗೂ ನೀರು. ಎರಡೂ ಒಂದೇ ಸಾಲಲ್ಲಿ. ಚೆನ್ನಾಗಿದೆ ನಿಮ್ಮ ನ್ಯಾಯ."

"ನ್ಯಾಯ ನನ್ನ ಕೈಲಿಲ್ಲಮ್ಮ. ನನ್ನ ಕೈಲಿರೋದು ಸಾಲು ಮಾತ್ರ."

"ಹಾಗಾದ್ರೆ ಸಾಲಿಂದ ತೆಗೀರಿ."

"ನಾನು ತೆಗೆಯೋಲ್ಲ. ಯಾರಾದ್ರೂ ತೆಗೆದ್ರೆ ನೋಡೋಣ ಅಂದ್ರೆ ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ."

ಯಾರೋ ಕಿಸಕ್ಕನೆ ನಕ್ಕರು. ಬೇಕರಿಯವನ ಹೆಂಡತಿ ಬಕೀಟನ್ನು ಎತ್ತಿಕೊಂಡು ಹೋಗಿ ಗೋಡೆಯ ಬದಿಗೆ ಇಟ್ಟಳು. ಎಸೆಯಲಿಲ್ಲ, ಒದೆಯಲಿಲ್ಲ, ಒಡೆಯುವ ಸಾಮಾನಿನ ಹಾಗೆ ಮೆಲ್ಲಗೆ ಇಟ್ಟಳು. ಎಸೆದಿದ್ದರೆ ತೇಪೆಯಕ್ಕನ ಬಾಯಿಂದ ಏನಾದರೂ ಬರುತ್ತಿತ್ತೋ ಏನೋ. ಮುಂದೆ ಒಂದು ಬಕೀಟಿನಷ್ಟು ನೆಲ ಖಾಲಿಯಾಯಿತು. ಅಲ್ಲಿ ಬಕೀಟಿನ ತಳದ ಒದ್ದೆಯ ಬಳೆಯೊಂದು ಮೂಡಿತ್ತು. ಅಷ್ಟರಲ್ಲಿ ಕಾಲು ತಳ್ಳಿತು. ತಗಡು ಕಲ್ಲಿಗೆ ಕೆರೆದ ಸದ್ದು. ಅದರ ಹಿಂದೆಯೇ, ಮುಂದಿನವಳು ತಳ್ಳಿದ್ದಾಳೆಂದು, ಸಾಲಿನ ಉದ್ದಕ್ಕೂ ಒಂದೊಂದಾಗಿ ಎಲ್ಲ ಬಕೀಟುಗಳೂ ಕೆರೆದು ಮುಂದೆ ಬಂದವು. ತಲೆಯೆತ್ತಿದರೆ ಬೀದಿಯ ತಿರುವಿನಲ್ಲಿ ದಾದಿ ನಿಂತಿದ್ದಳು. ಉಡುಪಿನ ತೋಳು ಮೊಣಕೈವರೆಗೆ ಮಡಚಿತ್ತು, ಕೈಯಲ್ಲಿ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಂದು ಗೋಡೆಯ ಬದಿಯ ಬಕೀಟನ್ನು ಎತ್ತಿಕೊಂಡಳು. ಅದರೊಳಗೆ ಏನೋ ಇರಬಹುದು ಎನ್ನುವ ಹಾಗೆ ಒಮ್ಮೆ ಬಗ್ಗಿ ನೋಡಿದಳು. ಆಮೇಲೆ ಎಂದಿನ ದನಿಯಲ್ಲಿ, "ಕೊನೇ ಮನೆ ಹುಡುಗಿಗೆ ಹೆಣ್ಣುಮಗು. ತಾಯಿ ಮಗು ಇಬ್ಬರೂ ಆರಾಮಾಗಿದಾರೆ" ಎಂದಳು. ಯಾರೂ ಏನೂ ಅನ್ನಲಿಲ್ಲ. ಟ್ಯಾಂಕರಿನ ಕೊಳವೆಯಿಂದ ನೀರು ಬೀಳುವ ಸದ್ದೊಂದೇ. ತೇಪೆಯಕ್ಕನ ನಾಲಗೆಯ ತುದಿಗೆ 'ಒಳ್ಳೇದಾಗ್ಲಿ' ಬಂದು ಕೂತಿತ್ತು. ಅದು ಅಲ್ಲೇ ಕೂತಿತು. ದಾದಿ ಖಾಲಿ ಬಕೀಟು ಹಿಡಿದುಕೊಂಡು, ಅವಸರವಿಲ್ಲದ ಅದೇ ನಡಿಗೆಯಲ್ಲಿ, ಹೊರಟುಹೋದಳು.

"ನೀವು ಮಾಡಿದ್ದೇ ಸರಿ ತೇಪೆಯಕ್ಕ" ಎಂದಳು ಪಕ್ಕದ ಬೆಂಚಿನವಳು ಈಗ, ದಾರ ಕಚ್ಚಿ ಕತ್ತರಿಸುತ್ತ. "ಸ್ನೇಹ ಅಂತ ನೋಡಿದ್ರೆ ನಿಮಗೇ ಹೆಚ್ಚು. ಆದ್ರೂ ಎಲ್ಲರಿಗಿಂತ ಮೊದಲು ನೀವೇ ಬಕೀಟು ತಳ್ಳಿದ್ರಂತೆ. ನಿಮ್ಮ ಮಗ ಅಲ್ಲಿ ನಿಂತಿದಾನೆ, ಅವಳ ಮಗ ಬೆನ್ನು ತೋರಿಸಿದಾನೆ. ಹೇಗೆ ಸಹಿಸ್ತೀರಿ ಹೇಳಿ."

"ಜಾಗ ಇತ್ತು, ತಳ್ಳಿದೆ" ಎಂದಳು ತೇಪೆಯಕ್ಕ.

"ಅದೇ ಹೇಳ್ತಿರೋದು. ದೊಡ್ಡತನ ಅಂದ್ರೆ ಅದು. ಹೇಳಿಕೊಳ್ಳೋದೂ ಇಲ್ಲ ನೋಡಿ."

ಚಹಾದ ಹೊತ್ತಿಗೆ ಕೋಣೆಯ ಉಸ್ತುವಾರಿ ಮೇಡಂ ತಾವೇ ಲೋಟ ತಂದುಕೊಟ್ಟರು. ಸಕ್ಕರೆ ಕಾಣದೆ ಎಷ್ಟೋ ಕಾಲವಾಗಿತ್ತು. ಇವಳ ಲೋಟದ ತಳದಲ್ಲಿ ಸಕ್ಕರೆ ಕರಗದೆ ಉಳಿದಿತ್ತು. ಬೇಡ ಎನ್ನಲು ಬಾಯಿ ತೆರೆದಳು, ತೆರೆದ ಬಾಯಿ ಕುಡಿಯಿತು. ನಾಲಗೆ ಆ ಸಿಹಿಯನ್ನು ನಾಯಿಯಂತೆ ನೆಕ್ಕಿಕೊಂಡಿತು. ಕಾಲು ಒಂದು ಕಡೆ, ನಾಲಗೆ ಒಂದು ಕಡೆ. ದೇವರು ನಾಳೆ ಕರೆದು ಕೇಳಿದರೆ ಇವುಗಳಲ್ಲಿ ಯಾವುದನ್ನು ತೋರಿಸಿ ಇದು ನಾನಲ್ಲ ಎನ್ನಲಿ ಎಂದುಕೊಂಡಳು. ಲೋಟ ಇಡಲು ಎದ್ದರೆ ತೊಡೆಯ ಮೇಲಿನ ಕಂಬಳಿಯೂ ಅವಳ ಜೊತೆಗೇ ಎದ್ದು ಬಂತು. ತೇಪೆಯ ಜೊತೆಗೆ ತನ್ನ ಉಡುಪಿನ ಅಂಚನ್ನೂ ಸೇರಿಸಿ ಹೊಲಿದಿದ್ದಳು. "ತೇಪೆಯಕ್ಕ ತಾವೇ ಗಡಿಗೆ ಹೊರಟಿದಾರೆ" ಎಂದು ಯಾರೋ ಅಂದರು, ಕೋಣೆಯೆಲ್ಲ ನಕ್ಕಿತು. ಅವಳೂ ನಕ್ಕಳು. ಮತ್ತೆ ಕೂತು ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು.

ಹುಡುಗರು ಹೊರಟ ದಿನ ರೈಲುನಿಲ್ದಾಣದಲ್ಲಿ ಬ್ಯಾಂಡು ಬಾರಿಸುತ್ತಿದ್ದರು. ದಾದಿ ತನ್ನ ಮಗನ ಕಾಲರು ಸರಿಮಾಡುತ್ತ ಎಲ್ಲರ ಮುಂದೆಯೇ, "ನೋಡೋ, ನಿನ್ನನ್ನ ಎರಡು ಕಾಲು ಕೊಟ್ಟು ಹೆತ್ತಿದೀನಿ. ನಿಲ್ಲೋಕೂ ಬರುತ್ತೆ, ಓಡೋಕೂ ಬರುತ್ತೆ. ನೆನಪಿರಲಿ" ಎಂದಿದ್ದಳು. ಸುತ್ತ ನಿಂತವರೆಲ್ಲ ನಕ್ಕಿದ್ದರು, ಬ್ಯಾಂಡಿನವನೊಬ್ಬ ನಗು ತಡೆಯಲಾರದೆ ಸ್ವರ ತಪ್ಪಿದ್ದ. ತೇಪೆಯಕ್ಕ ತನ್ನ ಮಗನಿಗೆ, ಒಳ್ಳೆಯ ಹೆಸರು ತಗೋ ಎಂದಿದ್ದಳು. ಯಾಕೆ ಹಾಗಂದಳೋ. ಆ ಹೊತ್ತಿನಲ್ಲಿ ತಾಯಂದಿರು ಅನ್ನುವುದು ಅದನ್ನೇ ಎಂದು ಎಲ್ಲೋ ಕೇಳಿದ್ದಿರಬೇಕು. ಕಳೆದ ರಜೆಗೆ ಬಂದಾಗ ಅವನು ಗೋಡೆಗೆ ಬೆನ್ನು ಕೊಟ್ಟು ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದ. "ಅಮ್ಮ, ನಮ್ಮ ಬಾಗಿಲು ಮೊದಲಿಂದ್ಲೂ ಇಷ್ಟು ತೆಳು ಇತ್ತಾ?" ಎಂದು ಕೇಳಿದ್ದ. ಹಿಂತಿರುಗುವ ದಿನ ಮೆಟ್ಟಿಲ ತಿರುವಿನಲ್ಲಿ ನಿಂತ. ಚೀಲ ಹೆಗಲಿಗೆ ಏರಿಸಿಕೊಂಡಾಗಿತ್ತು, ಬೂಟಿನ ದಾರ ಕಟ್ಟಿಯಾಗಿತ್ತು, ಆದರೂ ನಿಂತ. ಯಾರೋ ಏನೋ ಒಂದು ಮಾತು ಹೇಳುತ್ತಾರೆಂದು ಕಾಯುವವನ ಹಾಗೆ. ಅವಳು, "ಹೊತ್ತಾಯ್ತು, ಹೊರಡು" ಎಂದಳು. ಅವನು ಹೊರಟ. ಬೇರೆ ಮಾತು ಹೇಳಬಹುದಿತ್ತು ಎಂಬುದು ಅವಳಿಗೆ ಹೊಳೆದದ್ದು ಮೊನ್ನೆ, ದಾದಿಯ ಮಗ ಓಡಿದನಂತೆ ಎಂದು ಕೇಳಿದ ಗಳಿಗೆಯಲ್ಲಿ. ಎಂದಿನಂತೆ ಮುಸ್ಸಂಜೆ ದೀಪ ಹಚ್ಚಿ ಕೈ ಮುಗಿದು ಕೂತಿದ್ದಳು. ಯುದ್ಧದ ಶುರುವಿನಲ್ಲಿ ಅವಳ ಪ್ರಾರ್ಥನೆ ದೊಡ್ಡದಿತ್ತು. ಎಲ್ಲರನ್ನೂ ಗೆಲ್ಲಿಸು, ಎಲ್ಲರನ್ನೂ ಮನೆ ಸೇರಿಸು, ಎದುರಿನವರಿಗೂ ಒಳ್ಳೆಯ ಬುದ್ಧಿ ಕೊಡು ಎಂದು ಉದ್ದಕ್ಕೆ ಸಾಗುತ್ತಿತ್ತು. ಒಗೆದಂತೆಲ್ಲ ಬಟ್ಟೆ ಕುಗ್ಗುವ ಹಾಗೆ ಅದು ಕುಗ್ಗುತ್ತ ಬಂದು, ಗೆಲುವು ಬಿಟ್ಟುಹೋಗಿ, ಊರು ಬಿಟ್ಟುಹೋಗಿ, ಕೊನೆಗೆ ಅವನನ್ನು ಕಾಪಾಡು ಎಂಬಷ್ಟು ಉಳಿದಿತ್ತು. ಮೊನ್ನೆ ಆ ಮಾತಿನ ಜಾಗದಲ್ಲಿ ಇನ್ನೊಂದು ಮಾತು ಬಂದು ನಿಂತಿತು. ಅವನಿಗೂ ಓಡುವ ಬುದ್ಧಿ ಕೊಡು. ಬಾಯಿಬಿಟ್ಟೇ ಅಂದುಬಿಟ್ಟಳೇನೋ ಎಂದು ಹೆದರಿ ಹಿಂದೆ ತಿರುಗಿ ನೋಡಿದ್ದಳು.

ಹಾಗಾದರೆ ಬೆಳಿಗ್ಗೆ ತಳ್ಳಿದ್ದು ಯಾವುದು? ಒಲೆ ಬೇರೆ ಮಾಡಿದ ಸಿಟ್ಟೇ, ಅವಳ ಮಗ ಬದುಕುವ ದಾರಿ ಹಿಡಿದನೆಂಬ ಹೊಟ್ಟೆಕಿಚ್ಚೇ, ಅಥವಾ ಬರಿಯ ಕಾಲೇ? ಕಾಲು ಎಂದುಕೊಂಡರೆ ಸಮಾಧಾನವಾಗುತ್ತಿತ್ತು, ಆದರೆ ಆ ಸಮಾಧಾನ ಲೋಟದ ತಳದ ಸಕ್ಕರೆಯಂತಿತ್ತು. ಹೋಗಿ ಕೇಳಿಬಿಡಬೇಕು, ದಾದಿಯನ್ನೇ ಕೇಳಬೇಕು ಎನಿಸಿತು. ಅವಳಿಗೆ ಗೊತ್ತಿರುತ್ತದೆ. ಯಾವ ನೋವು ನಿಜವಾದದ್ದು, ಯಾವುದು ಸುಳ್ಳುನೋವು ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಹೇಳುವವಳು ಅವಳು. ಬಯ್ಯಲಿ. ಬಯ್ದು, ಆಮೇಲೆ ಒಂದು ಸಲ ನಗಲಿ. ಅವಳಿಲ್ಲದೆ ಈ ಬೀದಿಯಲ್ಲಿ ತನ್ನ ಮಗನ ವಿಷಯ ಮಾತಾಡಲು ಇನ್ನಾರಿದ್ದಾರೆ? ಉಳಿದವರಿಗೆಲ್ಲ ಅವನು ಗಡಿಯಲ್ಲಿ ನಿಂತ ಒಬ್ಬ; ದಾದಿಗೆ ಮಾತ್ರ ಅವನು, ಸ್ನಾನ ಮಾಡಿಸಲು ಹಿಡಿದರೆ ಅಂಗಳವೆಲ್ಲ ಓಡಾಡಿಸುತ್ತಿದ್ದ ಪೋರ.

ಕೆಲಸ ಮುಗಿಸಿ ಮನೆಗೆ ಬಂದು ಬೆಳಿಗ್ಗೆ ತಂದ ನೀರಿನ ಮುಚ್ಚಳ ತೆಗೆದಳು. ದಾದಿಗೆ ಅರ್ಧ ಕೊಡೋಣ ಎಂದುಕೊಂಡಿದ್ದಳು. ಬಕೀಟು ಎತ್ತಿದ ಮೇಲೆ ಅರ್ಧ ಸುರಿದಿಡುವುದು ನಾಚಿಕೆಯೆನಿಸಿ ಹಾಗೆಯೇ ಹೊತ್ತುಕೊಂಡು ಬೀದಿ ದಾಟಿದಳು. ಎದುರು ಕಟ್ಟಡದ ಕೆಳಮನೆಯೇ ಗೇಟಣ್ಣನದು. ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ ಕೂತು ಅವನು ಉಗುರು ತೆಗೆದುಕೊಳ್ಳುತ್ತಿದ್ದ.

"ಏನು ತೇಪೆಯಕ್ಕ, ತುಂಬಿದ ಬಕೀಟು? ಯಾವ ಅಂತಸ್ತಿಗೆ?"

"ಕನ್ನಡಕ ಸಿಕ್ತಾ?" ಎಂದಳು.

ಅವನು ತಲೆ ತಗ್ಗಿಸಿದ. ಅವಳು ಹತ್ತಿದಳು. ತಿರುವು ತಿರುವಿನಲ್ಲಿ ಬಕೀಟು ಇಳಿಸಿ, ಉಸಿರು ತೆಗೆದುಕೊಂಡು, ಒಂದು ಹನಿ ತುಳುಕದ ಹಾಗೆ ಮತ್ತೆ ಎತ್ತಿಕೊಂಡಳು. ಬಾಗಿಲು ಬಡಿದಾಗ ಒಳಗೆ ಏನೋ ಸರಿದಾಡಿತು, ನಿಂತಿತು. ಬಹಳ ಹೊತ್ತಿನ ಮೇಲೆ ಬಾಗಿಲು ಒಂದು ಗೇಣು ತೆರೆಯಿತು. ಆ ಗೇಣಿನಲ್ಲಿ ದಾದಿ ಪೂರ್ತಿ ತುಂಬಿಕೊಂಡು ನಿಂತಿದ್ದಳು.

"ಏನು?"

"ನೀರು ತಂದೆ."

"ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ." ಮೆಟ್ಟಿಲುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಎಲ್ಲಿ ಬಿದ್ದುಹೋಯಿತೋ. "ಬೆಳಿಗ್ಗೆ, ಅದು, ಕಾಲು..."

"ಕಾಲಿಗೇನಾಯ್ತು?"

"ಏನಿಲ್ಲ."

ದಾದಿ ಅವಳ ಮುಖ ನೋಡುತ್ತಿರಲಿಲ್ಲ, ನೀರನ್ನು ನೋಡುತ್ತಿದ್ದಳು. ಈಗ ಬಾಗಿಲು ಹಾಕುತ್ತಾಳೆ ಎಂದುಕೊಂಡಳು ತೇಪೆಯಕ್ಕ. ಅವಳ ಹಟ ಗೊತ್ತಿತ್ತು. ಗಂಡ ಪಕ್ಕದ ಬೀದಿಯಿಂದ ಮಗನಿಗೆಂದು ಕಳಿಸಿದ ಹೊಸ ಬಟ್ಟೆಯನ್ನು, ಮೈಮೇಲೆ ಹರಿದದ್ದೇ ಇದ್ದಾಗಲೂ, ಪೊಟ್ಟಣ ಬಿಚ್ಚದೆ ಹಿಂದಕ್ಕೆ ಕಳಿಸಿದವಳು. ತನ್ನೊಬ್ಬಳ ಗಂಟಲು ಒಣಗಿದ್ದರೆ ಅವಳು ಈ ನೀರನ್ನು ಮುಟ್ಟುತ್ತಿರಲಿಲ್ಲ. ಆದರೆ ಕೈ ಚಾಚಿದಳು, ಎರಡೂ ಕೈ. ಬಕೀಟನ್ನು ಗೇಣಿನೊಳಗಿಂದ ಓರೆಯಾಗಿ ಎಳೆದುಕೊಂಡು ಬಾಗಿಲು ಮುಂದೆ ಮಾಡಿದಳು. ಒಳಗೆ ಪಾತ್ರೆಗೆ ನೀರು ಸುರಿಯುವ ಸದ್ದು. ಆಮೇಲೆ, ಆ ಸದ್ದಿನ ಕೊನೆಯಲ್ಲಿ, ಒಂದು ಕೆಮ್ಮು. ಬಟ್ಟೆಯಲ್ಲಿ ಅದುಮಿದ್ದರೂ ಎರಡು ತುಂಡಾಗಿ ಬಂದದ್ದು. ಆ ಹುಡುಗರಿಬ್ಬರಿಗೂ ಚಿಕ್ಕಂದಿನಲ್ಲಿ ಒಟ್ಟಿಗೇ ನಾಯಿಕೆಮ್ಮು ಬಂದಿತ್ತು. ಒಂದೇ ಹಾಸಿಗೆಯಲ್ಲಿ ಮಲಗಿಸಿ ತೇಪೆಯಕ್ಕನೇ ಕಾವಲು ಕೂತಿದ್ದಳು. ಕತ್ತಲಲ್ಲಿ ಯಾರ ಕೆಮ್ಮು ಯಾವುದೆಂದು ಗೊತ್ತಾಗುತ್ತಿತ್ತು. ಈಗಲೂ ಗೊತ್ತಾಯಿತು.

ಬಾಗಿಲು ತೆರೆದು ಖಾಲಿ ಬಕೀಟು ಹೊರಬಂತು. "ನಲ್ಲಿ ಸದ್ದು ಅದು" ಎಂದಳು ದಾದಿ, ಇವಳೇನೂ ಪ್ರಶ್ನಿಸದಿದ್ದರೂ. "ಗಾಳಿ ಸೇರಿಕೊಂಡಿದೆ."

ದಾದಿಯ ಮಗ ಬದುಕಿದ್ದಾನೆ. ಇಲ್ಲೇ, ಈ ತೆಳು ಹಲಗೆಯ ಆಚೆ. ತೇಪೆಯಕ್ಕನ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷವೇ. ಅದನ್ನು ಅವಳು ದೇವರ ಮುಂದೆಯೂ ಹೇಳಬಲ್ಲಳು. ಅದರ ಬೆನ್ನಿಗೇ ಇನ್ನೊಂದು ಎದ್ದಿತು. ನನ್ನವನು? ಇವನ ಪಕ್ಕದಲ್ಲೇ ಇದ್ದವನಲ್ಲವೇ ಅವನು? ಯಾವಾಗ ಕೊನೆಗೆ ನೋಡಿದ್ದು, ಹೇಗಿದ್ದ, ಜೊತೆಗೆ ಯಾಕೆ ಬರಲಿಲ್ಲ, ಬಾ ಎಂದು ಕರೆದೆಯಾ ಅವನನ್ನು? ಇಡೀ ಊರಿನಲ್ಲಿ ಇದಕ್ಕೆ ಉತ್ತರ ಕೊಡಬಲ್ಲವನು ಆ ಗೇಣು ಜಾಗದ ಆಚೆ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದ. ದಾದಿಯ ಕಣ್ಣು ಈಗ ಅವಳ ಮುಖದ ಮೇಲಿತ್ತು. ಹೆರಿಗೆಗೆ ಇನ್ನೆಷ್ಟು ಹೊತ್ತು ಎಂದು ನೋಡುವ ಕಣ್ಣು ಅದು. ಇಷ್ಟು ವರ್ಷಗಳಲ್ಲಿ ತನ್ನನ್ನು ಹಾಗೆ ಅಳೆದಿರಲಿಲ್ಲ. ಕೇಳಿದರೆ, ಕೇಳಿಸಿತೆಂದು ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡರೆ, ದಾದಿ ಈ ಸಂಜೆಯೇ ಮಗನನ್ನು ಎಬ್ಬಿಸಿಕೊಂಡು ಬೆಳಕಿದ್ದಂತೆಯೇ ಎಲ್ಲಿಗೋ ಹೊರಟಾಳು, ಬೀದಿ ದಾಟುವ ಮೊದಲೇ ಸಿಕ್ಕಿಬಿದ್ದಾರು. ಬೆಳಿಗ್ಗೆ ಬಕೀಟು ತಳ್ಳಿದವಳ ಮೇಲೆ ಸಂಜೆ ಯಾರು ನಂಬಿಕೆ ಇಟ್ಟಾರು?

"ಯಾವ ಸದ್ದು?" ಎಂದಳು. "ನನಗೇನೂ ಕೇಳಿಸಲಿಲ್ಲ."

ತಾನು ಬೆಳಿಗ್ಗೆ ಸುಮ್ಮನಿದ್ದದ್ದೂ ಹೀಗೆಯೇ ಇತ್ತು, ಈಗ ಸುಮ್ಮನಾದದ್ದೂ ಹೀಗೆಯೇ ಇದೆ. ಆ ಕಡೆಯಿಂದ ನೋಡುವವರಿಗೆ ಎರಡೂ ಒಂದೇ. ತೇಪೆಯಕ್ಕ ಬಕೀಟು ತೆಗೆದುಕೊಂಡು ತಿರುಗಿದಳು. ಹಿಂದೆ ಅಗುಳಿ ಬಿದ್ದ ಸದ್ದು ಬರಲಿಲ್ಲ.

ಕೆಳಗೆ ಗೇಟಣ್ಣನ ಪಕ್ಕದಲ್ಲಿ ಬೇಕರಿಯವನ ಹೆಂಡತಿಯೂ ನಿಂತಿದ್ದಳು. ಇಬ್ಬರ ಕಣ್ಣೂ ಬಕೀಟಿನ ಮೇಲೆ.

"ಪೂರ್ತಿ ಖಾಲಿ?" ಎಂದಳು ಅವಳು. "ಒಂಟಿ ಹೆಂಗಸಿಗೆ ಅಷ್ಟು ನೀರು ಯಾಕೆ?"

"ಅದೂ ನಿಮ್ಮ ಕೈಯಿಂದ ತಗೊಂಡ್ಲಾ?" ಎಂದ ಗೇಟಣ್ಣ. "ನನಗೆ ಗೊತ್ತಿರೋ ದಾದಿ ತಗೊಳ್ಳೋಳಲ್ಲ." ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಬರಿಯ ಆಶ್ಚರ್ಯದಿಂದ ಮೆಟ್ಟಿಲುಗಳ ಮೇಲಕ್ಕೆ ನೋಡಿದ. ಬೇಕರಿಯವನ ಹೆಂಡತಿಯೂ ನೋಡಿದಳು. ಅವಳ ಹಣೆಯಲ್ಲಿ ಒಂದು ಗೆರೆ ನಿಧಾನವಾಗಿ ಮೂಡುತ್ತಿತ್ತು.

"ಯಾರು ಕೊಟ್ಟಿದ್ದು ಅವಳಿಗೆ?" ತನ್ನ ದನಿ ಆ ಮೆಟ್ಟಿಲುಗಳ ಸಂದಿಯಲ್ಲಿ ಎಷ್ಟು ದೊಡ್ಡದಾಗಿ ಕೇಳಿತೆಂದರೆ ತೇಪೆಯಕ್ಕನಿಗೇ ಗುರುತು ಹತ್ತಲಿಲ್ಲ. "ಮುಖ ನೋಡಿ ಒಂದು ಮಾತು ಕೇಳೋಣ ಅಂತ ಹೋದೆ. ನೀರೂ ಕೊಡೋಣ, ಬುದ್ಧಿಯೂ ಹೇಳೋಣ ಅಂತ. ಮುಖಕ್ಕೇ ಬಾಗಿಲು ಹಾಕಿದ್ಲು. ಅವಳ ಹೊಸಲಿಗೇ ಎರಚಿ ಬಂದೆ."

"ಅಯ್ಯೋ, ನೀರನ್ನಾ?" ಎಂದಳು ಬೇಕರಿಯವನ ಹೆಂಡತಿ. ಬೆಳಗಿನಿಂದ ಅವಳ ಬಾಯಲ್ಲಿ ಬಂದ ಮೊದಲ ಮೆದು ಮಾತು ಅದು.

"ನೀರನ್ನೇ. ಹೇಡಿಯನ್ನ ಹೆತ್ತವಳಿಗೆ ಅಷ್ಟು ಸೊಕ್ಕು. ನನ್ನ ಮಗ ಅಲ್ಲಿ ಚಳಿಯಲ್ಲಿ ನಿಂತಿರಬೇಕಂತೆ, ಇವಳ ಮಗ ಎಲ್ಲೋ ಬೆಚ್ಚಗೆ ಕೂತಿರಬೇಕಂತೆ. ಯಾಕೆ? ಇವಳ ಹೊಟ್ಟೆ ಬೇರೆ, ನನ್ನ ಹೊಟ್ಟೆ ಬೇರೆಯಾ? ಇನ್ನು ಅವಳ ಮುಖ ನೋಡಿದ್ರೆ ಕೇಳಿ." ಸುಳ್ಳು ಹೇಳಬೇಕೆಂದು ಬಾಯಿ ತೆರೆದಿದ್ದಳು. ಮೊದಲ ಮಾತಿನ ಹಿಂದೆ ಬಂದವು ಯಾವುವೂ ಹುಡುಕಿ ತಂದವಲ್ಲ. ಎಲ್ಲವೂ ಒಳಗೆ ಮೊದಲೇ ಸಾಲುಗಟ್ಟಿ ನಿಂತಿದ್ದು, ಜಾಗ ಸಿಕ್ಕ ಕೂಡಲೇ ಒಂದನ್ನೊಂದು ತಳ್ಳಿಕೊಂಡು ಹೊರಬಂದವು.

ಗೇಟಣ್ಣ ಎದ್ದು ನಿಂತ. "ಹೋಗಿ ಒರೆಸಿಕೊಂಡಾದ್ರೂ ಬರಬಹುದಿತ್ತು, ಬಟ್ಟೆಗೆ ಹೀರಿಸಿ ಹಿಂಡಿದ್ರೆ..." ಎನ್ನುತ್ತ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಮೇಲೆ ನೆಲ ಒಣಗಿಯೇ ಇತ್ತು.

ಆಗ ಮೇಲಿನಿಂದ ಸದ್ದು ಬಂತು. ಬಹಳ ಸಣ್ಣದು, ಕಲ್ಲಿನಿಂದ ಕಲ್ಲಿಗೆ ಹನಿ ಬೀಳುವಂಥದು. ಮೂವರೂ ತಲೆಯೆತ್ತಿದರು. ತಿರುವಿನ ಮೇಲಿನ ಮೆಟ್ಟಿಲಿನಿಂದ ನೀರಿನ ಒಂದು ಎಳೆ ಗೋಡೆಯ ಬದಿ ಹಿಡಿದು ಬರುತ್ತಿತ್ತು. ಅಂಚಿಗೆ ಬಂದು ತಡೆದು, ತುಂಬಿ, ಕೆಳಗಿನ ಮೆಟ್ಟಿಲಿಗೆ ಬೀಳುತ್ತಿತ್ತು. ಧೂಳನ್ನು ಮುಂದೆ ಉರುಳಿಸಿಕೊಂಡು ಗೇಟಣ್ಣನ ಪಾದದ ಹತ್ತಿರ ಬಂದಾಗ ಅವನು ಕಾಲು ತೆಗೆದುಕೊಂಡ, ತುಳಿಯಬಾರದ್ದನ್ನು ತುಳಿಯಲಿದ್ದವನ ಹಾಗೆ. ಬೇಕರಿಯವನ ಹೆಂಡತಿ ಬಗ್ಗಿ ಆ ಒದ್ದೆಯನ್ನು ಬೆರಳಿನಿಂದ ಮುಟ್ಟಿ, ಯೋಚಿಸದೆಯೇ, ಕುತ್ತಿಗೆಗೆ ಒತ್ತಿಕೊಂಡಳು.

"ನಿಜವಾಗ್ಲೂ ಎರಚಿದ್ರಲ್ರೀ" ಎಂದಳು.

ದಾದಿ ಮೇಲೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. ಕೇಳಿ, ಸುಳ್ಳಿಗೆ ಆಸರೆಯಾಗಿ ನೀರು ಕೊಟ್ಟಳೇ? ಅಥವಾ ಹೇಡಿಯನ್ನು ಹೆತ್ತವಳು ಎಂದದ್ದನ್ನು ಕೇಳಿ, ಇವಳ ನೀರು ತನ್ನ ಮನೆಯಲ್ಲಿ ಬೇಡವೆಂದು ಹೊರಗೆ ಚೆಲ್ಲಿದಳೇ? ಎರಡಕ್ಕೂ ನೀರು ಇಳಿಯುವುದು ಹೀಗೆಯೇ. ಒಂದು ಸಲ ಮೇಲೆ ಹತ್ತಿ ಮುಖ ನೋಡಿದರೆ ತಿಳಿಯುತ್ತಿತ್ತು. ಹತ್ತುವ ಹಾಗಿರಲಿಲ್ಲ. ನಾಳೆಯೂ ಇಲ್ಲ, ಆ ಹುಡುಗ ಆ ಮನೆಯಲ್ಲಿ ಇರುವಷ್ಟು ದಿನವೂ ಇಲ್ಲ. ಈ ಬೀದಿ ನೋಡುವಷ್ಟು ದಿನ ಅವರಿಬ್ಬರೂ ಒಬ್ಬರನ್ನೊಬ್ಬರು ಕಂಡರೆ ಮುಖ ತಿರುಗಿಸಬೇಕು, ಚೆನ್ನಾಗಿ ತಿರುಗಿಸಬೇಕು. ಅವನ ಉಸಿರು ಅದರ ಮೇಲೆ ನಿಂತಿತ್ತು. ತನ್ನ ಮಗನ ಸುದ್ದಿ ಆ ಬಾಗಿಲ ಆಚೆಯೇ ಉಳಿಯಿತು. ದೇವರೇ ಎಂದಳು ಒಳಗೇ, ಮುಂದಿನ ಮಾತು ಹೊಳೆಯಲಿಲ್ಲ. ಅಷ್ಟಕ್ಕೇ ಬಿಟ್ಟಳು.

ಬೇಕರಿಯವನ ಹೆಂಡತಿ ಹತ್ತಿರ ಬಂದು ಅವಳ ತೋಳು ಹಿಡಿದುಕೊಂಡಳು. ಹಿಡಿತ ಬೆಚ್ಚಗಿತ್ತು. ತಮ್ಮನನ್ನು ಕಳೆದುಕೊಂಡ ಮೇಲೆ ಆ ಕೈ ಯಾರನ್ನೂ ಹಾಗೆ ಹಿಡಿದಿರಲಿಕ್ಕಿಲ್ಲ.

"ನಾಳೆಯಿಂದ ನನ್ನ ಬಕೀಟಿನ ಹಿಂದೆಯೇ ಇಡಿ ತೇಪೆಯಕ್ಕ. ನಾನಿಲ್ಲದಾಗ ನನ್ನದನ್ನೂ ಸ್ವಲ್ಪ ನೋಡ್ಕೊಂಡ್ರಾಯ್ತು."

"ಆಗಲಿ" ಎಂದಳು ಅವಳು, ಮೇಲಿನವರೆಗೂ ಕೇಳುವಷ್ಟು ಗಟ್ಟಿಯಾಗಿ.